ಟ್ಯಾಂಕ್ ತುಂಬಿ ಹರಿದರೆ ಓವರ್‌ಫ್ಲೋಡ್, ಓವರ್‌ಫ್ಲೋನ್ ಅಲ್ಲ

ಓದುಗರ ಪ್ರಶ್ನೆ: ಟ್ಯಾಂಕ್ ತುಂಬಿ ನೀರು ಹೊರಗೆ ಹರಿಯುತ್ತಿದ್ದರೆ ಇಂಗ್ಲಿಷಿನಲ್ಲಿ ‘ಟ್ಯಾಂಕ್ ಹ್ಯಾಸ್ ಓವರ್‌ಫ್ಲೋನ್’ ಅನ್ನಬೇಕಾ, ‘ಓವರ್‌ಫ್ಲೋಡ್’ ಅನ್ನಬೇಕಾ? ಹಾಲು ಉಕ್ಕಿದರೂ, ಕಾಫಿ ಚೆಲ್ಲಿದರೂ ಇದೇ ಪದ ನಡೆಯುತ್ತಾ?

ಉತ್ತರ: ಓವರ್‌ಫ್ಲೋಡ್. ಹಾಲಿಗೂ ಕಾಫಿಗೂ ಇದು ನಡೆಯುವುದಿಲ್ಲ. ಅವಸರ ಇರುವವರು ಇಷ್ಟಕ್ಕೇ ಎದ್ದು ಹೋಗಬಹುದು.

ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೂ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ‘ಬಿ ಬ್ಲಾಕ್ ಟ್ಯಾಂಕ್ ಓವರ್‌ಫ್ಲೋನ್, ಪ್ಲೀಸ್ ಸ್ವಿಚ್ ಆಫ್ ಮೋಟರ್’ ಅಂತ ಬರುತ್ತಲೇ ಇರುತ್ತದೆ. ಯಾರೋ ಓಡಿಹೋಗಿ ಮೋಟರ್ ಆಫ್ ಮಾಡುತ್ತಾರೆ. ಓವರ್‌ಫ್ಲೋನ್ ಮಾತ್ರ ನಿಲ್ಲುವುದಿಲ್ಲ.

ಈ ತಪ್ಪು ಹುಟ್ಟುವುದು ಎಲ್ಲಿಂದ? ಶಾಲೆಯಲ್ಲಿ ಗ್ರೋ, ಗ್ರೂ, ಗ್ರೋನ್ ಅಂತ ಬಾಯಿಪಾಠ ಮಾಡಿಸಿದರು. ಬ್ಲೋ, ಬ್ಲೂ, ಬ್ಲೋನ್. ಥ್ರೋ, ಥ್ರೂ, ಥ್ರೋನ್. ಪ್ರಾಸ ಚೆನ್ನಾಗಿ ಕೂತಿತು. ಆಮೇಲೆ ಫ್ಲೋ ಬಂದಾಗ ನಾಲಿಗೆ ತಾನೇ ತಾನಾಗಿ ಫ್ಲೋನ್ ಅಂದಿತು. ಆದರೆ ಪ್ರಾಸ ವ್ಯಾಕರಣ ಅಲ್ಲ, ಸ್ವಾಮಿ. ಗ್ಲೋ, ಸ್ಲೋ, ಸ್ನೋ ಇವಕ್ಕೂ ಅದೇ ಪ್ರಾಸ ಇದೆ. ಬಲ್ಬು ‘ಗ್ಲೋನ್’ ಆಯ್ತು ಅಂತೀರಾ? ಬಸ್ಸು ‘ಸ್ಲೋನ್’ ಆಯ್ತು ಅಂತೀರಾ? ಇಲ್ಲ ಅಲ್ವಾ? ಅಲ್ಲಿ ಸುಮ್ನೆ ಕೊನೆಗೆ ಡ್ ಸೇರಿಸುತ್ತೀರಿ: ಗ್ಲೋಡ್, ಸ್ಲೋಡ್. ಫ್ಲೋ ಕೂಡ ಇದೇ ಗುಂಪಿಗೆ ಸೇರಿದ್ದು. ಫ್ಲೋ, ಫ್ಲೋಡ್, ಫ್ಲೋಡ್. ಮುಂದೆ ಓವರ್ ಅಂಟಿಸಿದರೂ ಅಷ್ಟೇ.

ಹಾಗಾದರೆ ಓವರ್‌ಫ್ಲೋನ್ ಅನ್ನುವ ಪದವೇ ಇಲ್ಲವಾ? ಇದೆ. ಅದು ಹಾರುವುದಕ್ಕೆ ಸಂಬಂಧಪಟ್ಟದ್ದು. ಫ್ಲೈ, ಫ್ಲೂ, ಫ್ಲೋನ್. ವಿಮಾನ ಒಂದು ದೇಶದ ಮೇಲಿಂದ ಹಾದು ಹೋದರೆ ಓವರ್‌ಫ್ಲೂ, ಓವರ್‌ಫ್ಲೋನ್. ನಿಮ್ಮ ಬಿ ಬ್ಲಾಕ್ ಟ್ಯಾಂಕ್ ‘ಓವರ್‌ಫ್ಲೋನ್’ ಅಂದರೆ ಅದು ನೀರಿನ ಸಮೇತ ಸಿ ಬ್ಲಾಕಿನ ತಲೆ ಮೇಲೆ ಹಾರಿಹೋಯಿತು ಅಂತ ಅರ್ಥ. ಆಗ ಮೋಟರ್ ಆಫ್ ಮಾಡಿ ಏನು ಪ್ರಯೋಜನ?

ಇಷ್ಟು ಹೇಳಿದ ಮೇಲೂ ಬಿಡದವರು ಇದ್ದಾರೆ. ‘ನಮ್ಮ ಹಳೇ ಮೇಷ್ಟ್ರು ಹಾಗೇ ಹೇಳಿಕೊಟ್ಟಿದ್ದರು, ಅವರ ಇಂಗ್ಲಿಷ್ ಬ್ರಿಟಿಷರ ಕಾಲದ್ದು’ ಅನ್ನುತ್ತಾರೆ. ಇನ್ನೂ ಸ್ವಲ್ಪ ಓದಿಕೊಂಡವರು ಇಂಗ್ಲಿಷ್ ಕವಿ ಮಿಲ್ಟನ್‌ನನ್ನೇ ಸಾಕ್ಷಿಗೆ ಕರೆತರುತ್ತಾರೆ. ಒಪ್ಪೋಣ, ಆ ಸಾಕ್ಷಿ ಸುಳ್ಳಲ್ಲ. 1667ರಲ್ಲಿ ಅಚ್ಚಾದ ‘ಪ್ಯಾರಡೈಸ್ ಲಾಸ್ಟ್’ನಲ್ಲಿ ಸೊಕ್ಕೂ ದ್ರಾಕ್ಷಾರಸವೂ ತಲೆಗೇರಿದ ಪುಂಡರ ಬಗ್ಗೆ ಹೇಳುವಾಗ ಆತ ಫ್ಲೋನ್ ಅಂದಿದ್ದಾನೆ. ಅದು ಹಾರುವ ಫ್ಲೋನ್ ಅಲ್ಲ, ಉಕ್ಕಿ ಹರಿಯುವ ಫ್ಲೋನೇ. ಹಳೆಯ ಇಂಗ್ಲಿಷಿನಲ್ಲಿ ಆ ರೂಪ ಇತ್ತು, ಆಮೇಲೆ ಬಿದ್ದುಹೋಯಿತು. ಮಹಾಕಾವ್ಯ ಬರೆಯುವುದಾದರೆ ನೀವೂ ಬಳಸಿ, ಬೇಡ ಅನ್ನುವುದಿಲ್ಲ. ಪ್ಲಂಬರ್‌ಗೆ ಮೆಸೇಜ್ ಕಳಿಸುವುದಕ್ಕೆ ಓವರ್‌ಫ್ಲೋಡ್ ಸಾಕು.

ಈಗ ಹಾಲಿನ ವಿಷಯ. ಕಾದು ಉಕ್ಕಿದರೆ ‘ಬಾಯ್ಲ್ಡ್ ಓವರ್’. ಗೃಹಪ್ರವೇಶದ ದಿನ ಹಾಲು ಉಕ್ಕಿಸುವುದನ್ನು ಆಫೀಸಿನವರಿಗೆ ವಿವರಿಸುವಾಗಲೂ ಇದನ್ನೇ ಹೇಳಿ. ‘ವಿ ಓವರ್‌ಫ್ಲೋಡ್ ದಿ ಮಿಲ್ಕ್’ ಅಂದರೆ ಪಾತ್ರೆಗೆ ಲೀಟರ್‌ಗಟ್ಟಲೆ ಸುರಿದಿರಿ ಅಂದುಕೊಂಡಾರು. ಓವರ್‌ಫ್ಲೋ ಆಗಬೇಕಾದರೆ ಹಿಡಿಸುವುದಕ್ಕಿಂತ ಜಾಸ್ತಿ ಒಳಗೆ ಬರುತ್ತಿರಬೇಕು. ನಲ್ಲಿ ಬಿಟ್ಟೇ ಇದೆ, ಬಕೆಟ್ ತುಂಬಿದೆ, ಅಂಚಿನಿಂದ ನೀರು ಇಳಿಯುತ್ತಿದೆ: ಅದು ಓವರ್‌ಫ್ಲೋ. ಕೈ ತಾಗಿ ಲೋಟ ವಾಲಿ ಕಾಫಿ ಮೇಜಿನ ಮೇಲೆ ಬಿತ್ತು: ಅದು ಸ್ಪಿಲ್. ಲೋಟದಲ್ಲಿ ಅರ್ಧವೇ ಇದ್ದರೂ ಸ್ಪಿಲ್ ಆಗಬಹುದು, ಓವರ್‌ಫ್ಲೋ ಆಗುವುದಿಲ್ಲ. ಸ್ಪಿಲ್ಟ್, ಸ್ಪಿಲ್ಡ್ ಎರಡೂ ಸರಿ. ಅದಕ್ಕೆ ಜಗಳ ಬೇಡ.

ಇಲ್ಲೇ ಒಂದು ಗಾದೆಯ ಮಾತು ಹೇಳಿಬಿಡುತ್ತೇನೆ. ‘ತುಂಬಿದ ಕೊಡ ತುಳುಕುವುದಿಲ್ಲ’ ಅನ್ನುವುದನ್ನು ಮಕ್ಕಳು ‘ಎ ಫುಲ್ ಪಾಟ್ ಡಸ್ ನಾಟ್ ಓವರ್‌ಫ್ಲೋ’ ಅಂತ ಬರೆಯುತ್ತಾರೆ. ತುಂಬಿದ ಕೊಡವಲ್ಲದೆ ಇನ್ಯಾವುದು ಓವರ್‌ಫ್ಲೋ ಆಗಬೇಕು? ಗಾದೆ ಹೇಳುತ್ತಿರುವುದು ಅಲುಗಾಡಿ ಚೆಲ್ಲುವ ಅರ್ಧ ಕೊಡದ ಕಥೆ. ಸೊಂಟದ ಮೇಲೆ ನೀರು ಹೊತ್ತವರಿಗೆ ಗೊತ್ತು, ಅರೆಬರೆ ತುಂಬಿದರೆ ಹೆಜ್ಜೆ ಹೆಜ್ಜೆಗೂ ಸೀರೆ ಒದ್ದೆ. ಆ ತುಳುಕಿಗೆ ಇಂಗ್ಲಿಷಿನಲ್ಲಿ ಸ್ಲಾಷ್ ಅನ್ನುವ ಪದ ಇದೆ. ಸದ್ದು ಕೇಳಿದರೇ ನೀರು ಅಲುಗಿದ ಹಾಗಿದೆ.

ಯಾರೂ ಕೇಳಿಲ್ಲ, ಆದರೂ ಡ್ಯಾಮಿನ ಬಗ್ಗೆ ಒಂದು ಮಾತು. ಕೆಆರ್‌ಎಸ್ 124.80 ಅಡಿ ಮುಟ್ಟುವ ಹೊತ್ತಿಗೆ ಗೇಟು ಎತ್ತಿ ನೀರು ಬಿಟ್ಟರೆ ‘ಡ್ಯಾಮ್ ಓವರ್‌ಫ್ಲೋ’ ಅಂತ ವಿಡಿಯೊ ಹರಿದಾಡುತ್ತದೆ. ಅದು ರಿಲೀಸ್, ಮನುಷ್ಯರು ಲೆಕ್ಕ ಹಾಕಿ ಬಿಟ್ಟ ನೀರು. ನಿಜವಾಗಿ ಓವರ್‌ಫ್ಲೋ ನೋಡಬೇಕಾದರೆ ಹಿರಿಯೂರಿನ ಹತ್ತಿರದ ಮಾರಿಕಣಿವೆ ನೋಡಬೇಕಿತ್ತು. ಅಲ್ಲಿನ ವಾಣಿ ವಿಲಾಸ ಸಾಗರ ಜಲಾಶಯ 130 ಅಡಿ ದಾಟಿ, 1933ರ ನಂತರ ಮೊದಲ ಸಲ 2022ರಲ್ಲಿ ಕೋಡಿ ಬಿತ್ತು. ಅಲ್ಲಿ ಯಾರೂ ಗೇಟು ಎತ್ತಲಿಲ್ಲ. ನೀರೇ ಕೋಡಿ ಹತ್ತಿ ಆಚೆ ಇಳಿಯಿತು.

ಈ ಕೋಡಿಗೆ ಎಂಜಿನಿಯರುಗಳು ಸರ್‌ಪ್ಲಸ್ ವಿಯರ್ ಅನ್ನುತ್ತಾರೆ. ‘ಟ್ಯಾಂಕ್ ಈಸ್ ಸರ್‌ಪ್ಲಸಿಂಗ್’ ಅನ್ನುವುದೂ ನಮ್ಮ ನೀರಾವರಿ ಕಡತಗಳ ಇಂಗ್ಲಿಷೇ. ಹೊರಗಿನವರಿಗೆ ವಿಚಿತ್ರವಾಗಿ ಕೇಳಬಹುದು. ನನಗಂತೂ ಇಷ್ಟ, ಯಾಕೆಂದರೆ ಸರ್‌ಪ್ಲಸ್‌ನಲ್ಲಿ ಬೈಗುಳ ಇಲ್ಲ. ಬೇಕಾದಷ್ಟು ಇಟ್ಟುಕೊಂಡ ಮೇಲೂ ಮಿಕ್ಕಿದ್ದು ಅಷ್ಟೇ. ಎಕ್ಸೆಸ್ ಅಂದರೆ ಮಿತಿ ಮೀರಿದ್ದು, ಬೇಡವಾದದ್ದು: ಎಕ್ಸೆಸ್ ಬ್ಯಾಗೇಜ್ ಅಂದ ಕೂಡಲೇ ದುಡ್ಡು ಕಟ್ಟಬೇಕು. ಸಾರಿಗೆ ಉಪ್ಪು ಜಾಸ್ತಿಯಾದರೆ ಮಾತ್ರ ಈ ಎರಡೂ ಬೇಡ, ‘ಟೂ ಮಚ್ ಸಾಲ್ಟ್’ ಸಾಕು. ಹಾಗಂತ ಊಟ ಚೆನ್ನಾಗಿದ್ದಾಗ ‘ಟೂ ಟೇಸ್ಟಿ’ ಅನ್ನಬಹುದಾ ಅಂತ ಕೇಳಬೇಡಿ. ಅದಕ್ಕೆ ಹೋದ ತಿಂಗಳೇ ಉತ್ತರ ಕೊಟ್ಟಾಗಿದೆ.