ಕಟ್ಟೆಗೆ ಬರುವುದನ್ನು ಬಿಟ್ಟ ಹುಡುಗ

ಪ್ರಶ್ನೆ: ನಮ್ಮದು ವಿಜಯಪುರ ಹತ್ತಿರದ ಹಳ್ಳಿ. ಹುಡುಗರು ಉಗ್ರವಾದದ ಕಡೆ ಹೋಗದಂತೆ ನಮ್ಮ ಯುವಕ ಮಂಡಳ ಏನು ಮಾಡಬಹುದು? ಶಾಲೆ ಬಿಟ್ಟು ಖಾಲಿ ತಿರುಗುವವರ ಮೇಲೆ ಕಣ್ಣಿಟ್ಟರೆ ಸಾಕಲ್ವಾ?

ಸಾಕಾಗುವುದಿಲ್ಲ. ಈ ಎರಡನೇ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸಿಂದಗಿಯವರೂ ಕೇಳುತ್ತಾರೆ, ಜಮಖಂಡಿಯವರೂ ಕೇಳುತ್ತಾರೆ. ಇವತ್ತು ಪೂರ್ತಿ ಬಿಡಿಸಿ ಹೇಳುತ್ತೇನೆ. ದಯವಿಟ್ಟು ಮಂಡಳದ ಎಲ್ಲರಿಗೂ ಓದಿ ಹೇಳಿ.

ಬಡವರು, ಓದದವರು ಮಾತ್ರ ಆ ದಾರಿ ಹಿಡಿಯುತ್ತಾರೆ ಅನ್ನುವುದು ಸುಳ್ಳು. ಸಿರಿಯಾ, ಇರಾಕ್‌ನ ಉಗ್ರ ಸಂಘಟನೆ ಐಸಿಸ್ ಸೇರಲು ಬೇರೆ ದೇಶಗಳಿಂದ ಹೋದ 3,803 ಜನರ ದಾಖಲೆಗಳನ್ನು ವಿಶ್ವಬ್ಯಾಂಕ್ 2016ರ ವರದಿಯಲ್ಲಿ ಪರಿಶೀಲಿಸಿತು. ಅವರಲ್ಲಿ ಶೇ 69 ಮಂದಿ ಕನಿಷ್ಠ ಹೈಸ್ಕೂಲ್ ಓದಿದವರು. ಓದು ಬರಹ ಬಾರದವರು ಶೇ 2ಕ್ಕಿಂತ ಕಡಿಮೆ. ಅಮೆರಿಕದ ಮೇಲೆ ನಡೆದ 2001ರ ಸೆಪ್ಟೆಂಬರ್ 11ರ ದಾಳಿಯ ಮುಂದಾಳು ಮೊಹಮ್ಮದ್ ಅಟ್ಟಾ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ನಗರ ಯೋಜನೆ ಓದಿದವನು. 2011ರಲ್ಲಿ ನಾರ್ವೆಯಲ್ಲಿ 77 ಜನರನ್ನು ಕೊಂದ ಬ್ರೇವಿಕ್ ಬೆಳೆದದ್ದು ಆಸ್ಲೋದ ಅನುಕೂಲಸ್ಥರ ಬಡಾವಣೆಯಲ್ಲಿ. ಅವನಿಗೆ ಮುಸ್ಲಿಮರನ್ನು ಕಂಡರೇ ದ್ವೇಷ. ಇಬ್ಬರ ಸಿಟ್ಟು ಬೇರೆ, ಹಿಡಿದ ದಾರಿ ಒಂದೇ.

ಇದೆಲ್ಲ ದೂರದ ಮಾತು ಅನ್ನಬೇಡಿ. ನಮ್ಮ ಸಿಂದಗಿ ತಾಲೂಕಿನ ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು.

ಈ ತಪ್ಪು ನಂಬಿಕೆಯಿಂದ ಹಾನಿ ಜಾಸ್ತಿ. ಗ್ಯಾರೇಜಿನಲ್ಲಿ ದುಡಿಯುವ ಹುಡುಗನನ್ನು ಸುಮ್ನೆ ಅನುಮಾನದಿಂದ ನೋಡುತ್ತೀರಿ. ಆ ಅವಮಾನವೇ ಅವನನ್ನು ದೂರ ತಳ್ಳುತ್ತದೆ. ಅತ್ತ ರ್‍ಯಾಂಕ್ ಬರುವ ಹುಡುಗ ರಾತ್ರಿಯಿಡೀ ಮೊಬೈಲಿನಲ್ಲಿ ಯಾರ ಜೊತೆ ಮಾತಾಡುತ್ತಾನೆ ಅಂತ ಒಬ್ಬರೂ ಕೇಳುವುದಿಲ್ಲ.

ನೋಡಬೇಕಾದ್ದು ಬದಲಾವಣೆಯನ್ನು. ದಿನಾ ಗರಡಿಗೆ ಬರುತ್ತಿದ್ದವನು ಬರುವುದನ್ನು ಬಿಟ್ಟ. ಹಳೇ ಗೆಳೆಯನ ಮನೆಯ ಊಟ ಬೇಡ ಅಂದ. ಬಾಯಿ ಬಿಟ್ಟರೆ 'ನಮ್ಮವರು', 'ಅವರು' ಅಷ್ಟೇ. ಗಡ್ಡ ಬಿಟ್ಟದ್ದು, ಮಾಲೆ ಹಾಕಿದ್ದು ಲಕ್ಷಣವಲ್ಲ, ಅದು ಅವರವರ ಭಕ್ತಿ. ಇಂಥ ಬದಲಾವಣೆ ಅಪ್ಪ ಅಮ್ಮನಿಗಿಂತ ಮೊದಲು ಗೆಳೆಯರಿಗೆ ಕಾಣುತ್ತದೆ. ಅದಕ್ಕೇ ನಿಮ್ಮ ಮಂಡಳ ಮುಖ್ಯ. ಹೋಗಿ ಮಾತಾಡಿಸಿ, ವಾದ ಮಾಡಲಿ ಬಿಡಿ. ಆಯುಧದ ಮಾತು, ಯಾರನ್ನೋ ಮುಗಿಸುವ ಮಾತು ಬಂದರೆ ಮಾತ್ರ ತಡಮಾಡದೆ 112ಕ್ಕೆ ಫೋನ್ ಮಾಡಿ.

ಸಂಘ ಸಂಸ್ಥೆಗಳು ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಬೆಳಗಾವಿ ನೋಡಿ. 2023ರಲ್ಲಿ ಗಣೇಶ ವಿಸರ್ಜನೆ, ಈದ್ ಮಿಲಾದ್ ಎರಡೂ ಸೆಪ್ಟೆಂಬರ್ 28ಕ್ಕೇ ಬಂದವು. ಅಲ್ಲಿನ ಮುಸ್ಲಿಂ ಮುಖಂಡರು ತಮ್ಮ ಮೆರವಣಿಗೆಯನ್ನು ಮುಂದಕ್ಕೆ ಹಾಕಿಕೊಂಡರು.

ನೀವು ಕೇಳದ ಇನ್ನೊಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ದಾರಿ ತಪ್ಪಿದವನು ವಾಪಸ್ ಬಂದರೆ? ಡೆನ್ಮಾರ್ಕ್‌ನ ಆರ್ಹುಸ್ ನಗರದಿಂದ 2013ರಲ್ಲಿ ಸುಮಾರು 30 ಯುವಕರು ಸಿರಿಯಾದ ಯುದ್ಧಕ್ಕೆ ಹೋದರು. ನಗರದವರು ಮಸೀದಿಯ ಜೊತೆ, ಮನೆಯವರ ಜೊತೆ ಕೂತು ಮಾತಾಡಿದರು. ವಾಪಸ್ ಬಂದು ಅಪರಾಧದ ಪುರಾವೆ ಇಲ್ಲದವರಿಗೆ ಓದು, ಕೆಲಸ, ಕೈಹಿಡಿದು ನಡೆಸಲು ಒಬ್ಬ ಹಿರಿಯ. 2014ರಲ್ಲಿ ಹೊಸದಾಗಿ ಹೋದವನು ಒಬ್ಬನೇ.

ಗರಡಿಯ ವಸ್ತಾದರು ಮುನಿಸಿಕೊಂಡು ಹೋದ ಹುಡುಗನ ಮನೆಗೆ ತಾವೇ ಹೋಗಿ ಕರೆತರುವುದನ್ನು ನೀವೂ ನೋಡಿರುತ್ತೀರಿ. ನಿಮ್ಮ ಮಂಡಳದಲ್ಲಿ ಆ ಕೆಲಸ ಯಾರದು ಅಂತ ಈ ವಾರದ ಸಭೆಯಲ್ಲೇ ಗೊತ್ತು ಮಾಡಿ.