ಹಳೆ ಜೈಲಿನ ಬಯಲು ಮತ್ತು ತಡವಾಗಿ ಕೇಳಿಸುವ ಜನಾಭಿಪ್ರಾಯ

ಶಿವಮೊಗ್ಗದ ಕಾರಾಗೃಹ ಸೋಗಾನೆಗೆ ಸ್ಥಳಾಂತರವಾಗಿ ವರ್ಷಗಳೇ ಕಳೆದಿದ್ದರೂ ಊರಿನವರ ಬಾಯಲ್ಲಿ ಜೈಲ್ ರಸ್ತೆ, ಜೈಲ್ ಸರ್ಕಲ್ ಎಂಬ ಹೆಸರುಗಳು ಹಾಗೆಯೇ ಉಳಿದಿವೆ. ಕೈದಿಗಳು ತೆರವು ಮಾಡಿಹೋದ ವಿಶಾಲವಾದ ಆವರಣ ಮೊದಲಿಗೆ ಫ್ರೀಡಂ ಪಾರ್ಕ್ ಎನಿಸಿಕೊಂಡಿತು. 2024ರ ಜನವರಿ 12ರಂದು ಯುವನಿಧಿ ಯೋಜನೆಗೆ ಅಲ್ಲಿ ಚಾಲನೆ ನೀಡಿದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅದೇ ವೇದಿಕೆಯಿಂದ ಅದಕ್ಕೆ ಅಲ್ಲಮಪ್ರಭುವಿನ ಹೆಸರನ್ನು ಘೋಷಿಸಿದರು. ಅಲ್ಲಮನ ಹುಟ್ಟೂರೆಂದು ನಂಬಲಾದ ಬಳ್ಳಿಗಾವಿ ಇದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿರುವುದರಿಂದ ಆ ಆಯ್ಕೆಗೆ ಸಕಾರಣವಿತ್ತು. ಆದರೆ ಊರ ನಡುವಿನ ಇಷ್ಟು ದೊಡ್ಡ ಸರ್ಕಾರಿ ಜಾಗ ಉದ್ಯಾನವಾಗಬೇಕೇ, ಮೈದಾನವಾಗಬೇಕೇ, ಅಥವಾ ಕಟ್ಟಡಗಳಿಗೆ ಹಂಚಿಹೋಗಬೇಕೇ ಎಂಬುದು ಹೆಸರಿನಷ್ಟು ಸುಲಭವಾಗಿ ಇತ್ಯರ್ಥವಾಗುವ ವಿಷಯವಲ್ಲ.

ಜಿಲ್ಲಾ ಕೇಂದ್ರವೊಂದರ ನಡುಮಧ್ಯದಲ್ಲಿ ಇಂತಹ ಜಾಗಗಳು ಉಳಿದುಕೊಂಡದ್ದಕ್ಕೆ ಊರು ಬೆಳೆದ ರೀತಿಯೇ ಕಾರಣ. ಹಳೆಯ ಶಿವಮೊಗ್ಗ ಎಂದರೆ ತುಂಗೆಯ ದಂಡೆಯ ಕೋಟೆ ಮತ್ತು ಅದಕ್ಕೆ ಹೊಂದಿಕೊಂಡ ಪೇಟೆ. 1899ರಲ್ಲಿ ಬೀರೂರಿನಿಂದ ರೈಲು ಬಂದ ಮೇಲೆ ಅಡಿಕೆ, ಅಕ್ಕಿ ಮತ್ತು ನಾಟಾ ವ್ಯಾಪಾರ ಹಿಗ್ಗಿತು. ಮೈಸೂರು ಸಂಸ್ಥಾನದ ಆಡಳಿತವು ಜೈಲು, ಆಸ್ಪತ್ರೆ, ಕಚೇರಿ, ಶಾಲೆಗಳಿಗೆ ಪೇಟೆಯ ಆಚೆಗೆ ಧಾರಾಳವಾಗಿ ಜಾಗ ಬಿಟ್ಟಿತು. ಆಗ ಅದು ಊರಂಚು. ಮುಂದೆ ಹೊಸಮನೆ, ವಿನೋಬನಗರದಂತಹ ಬಡಾವಣೆಗಳು ಸುತ್ತುವರಿದು, 2011ರ ಜನಗಣತಿಯ ಹೊತ್ತಿಗೆ ನಗರದ ಜನಸಂಖ್ಯೆ 3,22,650 ತಲುಪಿದಾಗ, ಒಂದು ಕಾಲದ ಊರಂಚು ನಗರದ ಅತ್ಯಂತ ಬೆಲೆಬಾಳುವ ನೆಲವಾಗಿತ್ತು. ಹೀಗಾಗಿ ಒಂದು ಸರ್ಕಾರಿ ಕಚೇರಿ ಊರಾಚೆಗೆ ಹೋಗುತ್ತದೆ ಎಂದಾಗಲೆಲ್ಲ ಅದು ಬಿಟ್ಟುಹೋಗುವ ಜಾಗದ ಮೇಲೆ ಹಲವರ ಕಣ್ಣು ಬೀಳುವುದು ಸಹಜ.

ಜೈಲಿನ ಬಯಲಿನ ವಿಷಯದಲ್ಲಿ ಯೋಜನೆಗಿಂತ ಮೊದಲೇ ಬಳಕೆ ಬೇರುಬಿಟ್ಟಿತು. ವಿಜಯದಶಮಿಯ ದಿನ ಕೋಟೆಯ ಶಿವಪ್ಪ ನಾಯಕ ಅರಮನೆಯಿಂದ ಹೊರಡುವ ದಸರಾ ಮೆರವಣಿಗೆ ಬಂದು ಸೇರುವುದು ಇಲ್ಲಿಗೆ. ತಹಶೀಲ್ದಾರರು ಅಂಬು ಕಡಿದ ನಂತರ ಜನ ಬನ್ನಿ ಮುಡಿಯುವುದೂ ಇಲ್ಲಿಯೇ. ರಾಜಕೀಯ ಸಮಾವೇಶ, ವಸ್ತುಪ್ರದರ್ಶನ, ಸರ್ಕಾರಿ ಮೇಳಗಳಿಗೂ ಇದೇ ಬಯಲು ಬೇಕು. ಇವೆಲ್ಲ ವರ್ಷದಲ್ಲಿ ಕೆಲವೇ ದಿನಗಳ ಮಾತು. ಉಳಿದ ದಿನಗಳಲ್ಲಿ ಬೆಳಗಿನ ಹೊತ್ತು ನಡೆಯಲು ಬರುವವರು, ಶಾಲೆ ಬಿಟ್ಟ ಮೇಲೆ ಚೆಂಡು ಬ್ಯಾಟು ಹಿಡಿದು ಬರುವ ಹುಡುಗರು ಅದನ್ನು ಬಳಸುತ್ತಾರೆ. ಈ ಎರಡು ಗುಂಪುಗಳ ನಿರೀಕ್ಷೆಗಳು ಹೊಂದುವುದಿಲ್ಲ. ಸಮಾವೇಶ ನಡೆಸುವವರಿಗೆ ಲಾರಿ ಬರುವಷ್ಟು ಗಟ್ಟಿ ನೆಲ, ಪೆಂಡಾಲು ಹಾಕುವಷ್ಟು ಬಟಾಬಯಲು ಬೇಕು. ನಡೆಯುವವರಿಗೆ ಮರದ ನೆರಳು, ಕುಡಿಯುವ ನೀರು, ಶೌಚಾಲಯ ಬೇಕು. ಪೆಂಡಾಲಿಗಾಗಿ ತೋಡಿದ ಗುಂಡಿಗಳು ಮರುದಿನ ಆಟಕ್ಕೆ ಬರುವ ಹುಡುಗರ ಪಾಲಿಗೆ ಉಳಿಯುತ್ತವೆ. ಅಕ್ಕಪಕ್ಕದ ನಿವಾಸಿಗಳು ಧ್ವನಿವರ್ಧಕದ ಬಗ್ಗೆ ಗೊಣಗುತ್ತಾರೆ, ವರ್ತಕರು ಒಂದು ಭಾಗವನ್ನು ವಾಹನ ನಿಲುಗಡೆಗೆ ಬಿಡಲಿ ಎನ್ನುತ್ತಾರೆ, ರಂಗಾಸಕ್ತರಿಗೆ ಬಯಲು ರಂಗಮಂದಿರದ ಆಸೆ. ಇವರಲ್ಲಿ ಯಾರ ಬೇಡಿಕೆಯೂ ಅನ್ಯಾಯದ್ದಲ್ಲ. ಆದರೆ ಸಮಾವೇಶ ನಡೆಸುವವರಿಗೆ ಅಧಿಕಾರಿಗಳ ಕೊಠಡಿಗೆ ನೇರ ದಾರಿಯಿದೆ. ಚೆಂಡಾಡುವ ಹುಡುಗರು ಯಾವ ಸಭೆಗೂ ಬರುವುದಿಲ್ಲ, ಅವರನ್ನು ಯಾರೂ ಕರೆಯುವುದೂ ಇಲ್ಲ.

ಈ ಜಾಗದ ಬಗ್ಗೆ ಹೊಸ ಯೋಜನೆಯ ಸುದ್ದಿ ಬಂದಾಗ ನಾಗರಿಕರಲ್ಲಿ ಮೊದಲು ಏಳುವುದು ಅನುಮಾನ. ಅದಕ್ಕೂ ಹಿನ್ನೆಲೆಯಿದೆ. ನಗರದ ಹಳೆಯ ತರಕಾರಿ ಮಾರುಕಟ್ಟೆಯ ಜಾಗದಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ಶಿವಪ್ಪ ನಾಯಕನ ಹೆಸರಿನ ಮಾಲ್ ಎದ್ದಿತು. ಊರಿಗೊಂದು ಮಾಲ್ ಬಂದಿತೆಂದು ಹೆಮ್ಮೆಪಟ್ಟವರೂ ಇದ್ದಾರೆ, ಪಾಲಿಕೆಯ ಆಸ್ತಿಯನ್ನು ಯಾವ ಷರತ್ತಿನ ಮೇಲೆ, ಎಷ್ಟು ಕಾಲಕ್ಕೆ ಗುತ್ತಿಗೆ ಕೊಡಲಾಯಿತು ಎಂದು ಇಂದಿಗೂ ಕೇಳುವವರೂ ಇದ್ದಾರೆ. ಗುತ್ತಿಗೆಯ ಅವಧಿ ಪಾಲಿಕೆಯೊಳಗೇ ವಾಗ್ವಾದಕ್ಕೆ ಕಾರಣವಾದದ್ದು ಆ ಅನುಮಾನವನ್ನು ಇನ್ನಷ್ಟು ಬಲಪಡಿಸಿತು.

ಇದಕ್ಕಿಂತ ತೀವ್ರವಾದದ್ದು ಸಹ್ಯಾದ್ರಿ ಕಾಲೇಜಿನ ಪ್ರಕರಣ. ತುಂಗಾ ಸೇತುವೆಯಾಚೆ ವಿದ್ಯಾನಗರದಲ್ಲಿರುವ ಈ ಕಾಲೇಜು ಕುವೆಂಪು ವಿಶ್ವವಿದ್ಯಾಲಯದ ಘಟಕ. ಮಲೆನಾಡಿನ ಹಳ್ಳಿಗಳಿಂದ ಬಂದ ಹಲವು ತಲೆಮಾರುಗಳು ಓದಿದ್ದು ಅಲ್ಲಿ. ಅದರ ಆವರಣದ ಒಂದು ಭಾಗವನ್ನು ಖೇಲೋ ಇಂಡಿಯಾ ಯೋಜನೆಯ ಕ್ರೀಡಾ ಸಂಕೀರ್ಣಕ್ಕೆ ಕೊಡುವ ಪ್ರಸ್ತಾವ ಬಂದಾಗ ವಿದ್ಯಾರ್ಥಿಗಳು ಮತ್ತು ಹಳೆಯ ವಿದ್ಯಾರ್ಥಿಗಳು ಬೀದಿಗಿಳಿದರು. ಕ್ರೀಡಾಂಗಣ ಬೇಡ ಎಂದು ಅವರಾರೂ ವಾದಿಸಲಿಲ್ಲ. ಕಾಲೇಜಿನ ಮುಂದಿನ ಬೆಳವಣಿಗೆಗೆ ಬೇಕಾದ ನೆಲವನ್ನು ಬೇರೊಂದು ಇಲಾಖೆಗೆ ಬಿಟ್ಟುಕೊಡುವ ಮುನ್ನ ಕಾಲೇಜಿನವರನ್ನೇ ಕೇಳಬೇಕಿತ್ತು ಎಂಬುದು ಅವರ ತಕರಾರಾಗಿತ್ತು. ಪರವಾಗಿದ್ದವರು ಜಿಲ್ಲೆಯ ಕ್ರೀಡಾಪಟುಗಳು ತರಬೇತಿಗಾಗಿ ಬೆಂಗಳೂರಿಗೆ ಹೋಗುವುದು ತಪ್ಪಲಿ ಎಂದರು. ಎರಡೂ ಕಡೆಯವರು ಆರಂಭದಲ್ಲೇ ಒಂದು ಮೇಜಿನ ಮುಂದೆ ಕುಳಿತಿದ್ದರೆ ಅದು ಜಾಗದ ಹೊಂದಾಣಿಕೆಯ ಪ್ರಶ್ನೆಯಾಗಿರುತ್ತಿತ್ತು. ತೀರ್ಮಾನ ಮೊದಲು, ಸುದ್ದಿ ಆಮೇಲೆ ಎಂದಾದ್ದರಿಂದ ಅದು ಹೋರಾಟವಾಯಿತು. 2025ರಲ್ಲಿ ಜಿಲ್ಲಾಧಿಕಾರಿ ಕಚೇರಿ ಬಳಿಯ ಮೈದಾನಕ್ಕೆ ಬೇಲಿ ಬಿದ್ದಾಗ, ಅದು ಈದ್ಗಾ ಜಾಗವೋ ಪಾಲಿಕೆಯ ಜಾಗವೋ ಎಂಬ ವಿವಾದವೂ ದಾಖಲೆಗಳ ಪರಿಶೀಲನೆಗಿಂತ ಮೊದಲು ಬೀದಿಗೆ ಬಂದಿತು.

ಸ್ಮಾರ್ಟ್ ಸಿಟಿ ಯೋಜನೆಯ ವರ್ಷಗಳನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. 2016ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಮಂಗಳೂರು, ಹುಬ್ಬಳ್ಳಿ-ಧಾರವಾಡ ಮತ್ತು ತುಮಕೂರಿನ ಜೊತೆಗೆ ಶಿವಮೊಗ್ಗ ಆಯ್ಕೆಯಾಯಿತು. ಪ್ರಸ್ತಾವ ಸಿದ್ಧಪಡಿಸುವಾಗ ನಾಗರಿಕರ ಅಭಿಪ್ರಾಯ ಪಡೆಯುವುದು ಯೋಜನೆಯ ಷರತ್ತುಗಳಲ್ಲೊಂದಾಗಿತ್ತು. ಆಯ್ಕೆಯಾದ ಮೇಲೆ ಕಾಮಗಾರಿಗಳ ಹೊಣೆ ಕಂಪನಿ ಕಾಯ್ದೆಯಡಿ ಸ್ಥಾಪಿತವಾದ ಪ್ರತ್ಯೇಕ ಸಂಸ್ಥೆಗೆ ಹೋಯಿತು. ತಮ್ಮ ವಾರ್ಡಿನ ರಸ್ತೆ ಅಗೆಯುವುದು ಯಾವಾಗ, ಮುಚ್ಚುವುದು ಯಾವಾಗ ಎಂಬುದಕ್ಕೆ ಕಾರ್ಪೊರೇಟರ್ ಬಳಿಯೂ ಉತ್ತರವಿಲ್ಲದ ಸ್ಥಿತಿ ಬಂದಿತು. ಆದರೂ ಆ ಅವಧಿಯ ಒಂದು ಕೆಲಸವನ್ನು ಮೆಚ್ಚಲೇಬೇಕು, ಅದು ಕನ್ಸರ್ವೆನ್ಸಿಗಳದ್ದು.

ದುರ್ಗಿಗುಡಿಯಂತಹ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಇರುವ ಓಣಿಗಳನ್ನು ಊರಿನವರು ಕನ್ಸರ್ವೆನ್ಸಿ ಎನ್ನುತ್ತಾರೆ. ಮಲ ಹೊರುವವರು ಮನೆಗಳ ಹಿಂಬದಿಯಿಂದಲೇ ಬಂದು ಹೋಗಲಿ ಎಂದು ಬಿಟ್ಟ ದಾರಿಗಳವು. ಒಂದು ಅಮಾನುಷ ವ್ಯವಸ್ಥೆಗಾಗಿ ಮೀಸಲಾದ ಸಾರ್ವಜನಿಕ ನೆಲ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಒಳಚರಂಡಿಯೂ ಬಂದ ಮೇಲೆ ಈ ಓಣಿಗಳು ಕಸ ಸುರಿಯುವ ಜಾಗಗಳಾದವು. ಕೆಲವೆಡೆ ಹಿತ್ತಿಲ ಗೋಡೆಗಳು ನಿಧಾನವಾಗಿ ಮುಂದೆ ಸರಿದವು. ಸ್ಮಾರ್ಟ್ ಸಿಟಿ ಕಾಮಗಾರಿಯಲ್ಲಿ ಅವುಗಳನ್ನು ತೆರವುಗೊಳಿಸಿ, ನೆಲ ಹಾಸಿ, ದೀಪ ಹಾಕಿ, ಕೆಲವನ್ನು ಕಾಲುದಾರಿಗೆ, ಕೆಲವನ್ನು ವಾಹನ ನಿಲುಗಡೆಗೆ ಮತ್ತು ವ್ಯಾಪಾರಕ್ಕೆ ಬಿಡಲಾಯಿತು. ಇಲ್ಲಿಯೂ ಅಭಿಪ್ರಾಯ ಒಂದೇ ಆಗಿಲ್ಲ. ಅಂಗಡಿಯವರಿಗೆ ನಿಲುಗಡೆ ಸಿಕ್ಕಿದ ಸಮಾಧಾನ, ಮನೆಯವರಿಗೆ ಹಿತ್ತಿಲ ಬಾಗಿಲಿಗೆ ಅಪರಿಚಿತರು ಬರುವ ಕಿರಿಕಿರಿ. ತಳ್ಳುಗಾಡಿಯವರ ಸಂಶಯ ಬೇರೆಯದು: ಗಿರಾಕಿಗಳು ಓಡಾಡುವುದು ಮುಖ್ಯರಸ್ತೆಯಲ್ಲಿ, ತಮ್ಮನ್ನು ಕಳಿಸುವುದು ಓಣಿಯೊಳಗೆ ಎಂಬುದು ಅವರ ಅಳಲು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಜಾಗ ಗುರುತಿಸುವ ಮಾತು ಆ ಸಮಿತಿಯಲ್ಲಿ ಆರಂಭವಾಗಬೇಕಾದದ್ದು.

ಹಾಗಾದರೆ ಜನರ ಮಾತು ಕೇಳಲು ಕಾನೂನಿನಲ್ಲಿ ದಾರಿಯೇ ಇಲ್ಲವೇ? ಇದೆ, ಆದರೆ ಅದು ಕಿರಿದು. 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಹಾಯೋಜನೆಯ (ನಗರದ ಮಾಸ್ಟರ್ ಪ್ಲಾನ್) ಕರಡು ಪ್ರಕಟವಾದಾಗ ಸಾರ್ವಜನಿಕರು 60 ದಿನಗಳೊಳಗೆ ಲಿಖಿತವಾಗಿ ಅಭಿಪ್ರಾಯ ತಿಳಿಸಬಹುದು. ನಡುವೆ ಒಂದು ಜಾಗದ ಉದ್ದೇಶವನ್ನಷ್ಟೇ ಬದಲಿಸುವುದಾದರೆ ಪತ್ರಿಕೆಯಲ್ಲಿ ಪ್ರಕಟಣೆ ನೀಡಿ ಕನಿಷ್ಠ 15 ದಿನಗಳ ಅವಕಾಶ ಕೊಟ್ಟರೆ ಸಾಕು. ಪತ್ರಿಕೆಯ ಒಳಪುಟದಲ್ಲಿ ಸರ್ವೆ ನಂಬರುಗಳ ಭಾಷೆಯಲ್ಲಿ ಬರುವ ಆ ಪ್ರಕಟಣೆಯನ್ನು ಓದಿ, ಅದು ತಾನು ದಿನವೂ ನಡೆಯುವ ಬಯಲಿಗೆ ಸಂಬಂಧಿಸಿದ್ದು ಎಂದು ಗುರುತಿಸಿ, ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಗಡುವಿನೊಳಗೆ ಪತ್ರ ಬರೆಯುವವರು ಎಷ್ಟು ಮಂದಿ ಇದ್ದಾರು? ಹಾಗೆ ಬರೆಯಬಲ್ಲವರು ಹೆಚ್ಚಾಗಿ ವಕೀಲರು, ನಿವೃತ್ತ ನೌಕರರು ಮತ್ತು ಜಮೀನಿನ ವ್ಯವಹಾರ ಬಲ್ಲವರು.

ಚುನಾಯಿತ ಪ್ರತಿನಿಧಿಗಳ ಮೂಲಕ ಹೇಳಿಸೋಣವೆಂದರೆ ಅದಕ್ಕೂ ಅಡಚಣೆಯಿದೆ. 2013ರಲ್ಲಿ ನಗರಸಭೆ ಮಹಾನಗರ ಪಾಲಿಕೆಯಾಯಿತು, 35 ವಾರ್ಡುಗಳಾದವು. 2018ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2023ರ ಕೊನೆಯಲ್ಲಿ ಮುಗಿಯಿತು. ಚುನಾವಣೆ ಕೂಡಲೇ ನಡೆಯದ ಕಾರಣ ಅಧಿಕಾರ ಆಡಳಿತಾಧಿಕಾರಿಯ ಕೈಗೆ ಹೋಯಿತು. ಸಂವಿಧಾನದ 74ನೇ ತಿದ್ದುಪಡಿಯಂತೆ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕು. ಶಿವಮೊಗ್ಗ 2011ರಲ್ಲೇ ಆ ಮಿತಿಯನ್ನು ದಾಟಿದೆ. ಯೋಜನೆಯ ನಕ್ಷೆ ಬರುವ ಮುನ್ನವೇ ಬಳಕೆದಾರರ ಮಾತು ಕೇಳಲು ವಾರ್ಡ್ ಸಮಿತಿಗಿಂತ ತಕ್ಕ ಜಾಗ ಬೇರೊಂದಿಲ್ಲ ಎಂದು ನನಗನಿಸುತ್ತದೆ. ಬೆಂಗಳೂರಿನಿಂದ ಬರುವ ಸಲಹೆಗಾರ ಸಂಸ್ಥೆಯ ಪ್ರಾತ್ಯಕ್ಷಿಕೆಯಲ್ಲಿ ಬಣ್ಣದ ಚಿತ್ರಗಳು ಕಾಣುತ್ತವೆಯೇ ಹೊರತು, ಯಾವ ಮೂಲೆಯಲ್ಲಿ ಮಳೆಗಾಲದ ನೀರು ನಿಲ್ಲುತ್ತದೆ ಎಂಬುದು ಕಾಣುವುದಿಲ್ಲ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಸೀಗೆಹಟ್ಟಿ, ಕುಂಬಾರಗುಂಡಿಯಂತಹ ತಗ್ಗಿನ ಬೀದಿಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಊರ ನಡುವಿನ ತೆರೆದ ಮಣ್ಣಿನ ನೆಲಕ್ಕೆಲ್ಲ ಕಾಂಕ್ರೀಟು ಹಾಸುವುದರ ಪರಿಣಾಮವನ್ನು ಯಾರೂ ವಿವರಿಸಬೇಕಾಗಿಲ್ಲ.

ಹಳೆ ಜೈಲಿನ ಬಯಲಿನ ಮಟ್ಟಿಗೆ ಸದ್ಯ ಮಾಡಬಹುದಾದ ಕೆಲಸಗಳಿವೆ. ರಾಜ್ಯದಲ್ಲಿ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆಯಿದೆ. ಅದರ ಪಟ್ಟಿಗೆ ಸೇರಿದ ಜಾಗವನ್ನು ಬೇರೆ ಉದ್ದೇಶಕ್ಕೆ ತಿರುಗಿಸುವುದು ಸುಲಭವಲ್ಲ. ಈ ಆವರಣದ ಎಷ್ಟು ಭಾಗ ಆ ಪಟ್ಟಿಯಲ್ಲಿದೆ, ಎಷ್ಟು ಭಾಗ ಯಾವ ಇಲಾಖೆಯ ಹೆಸರಿನಲ್ಲಿ ಪಹಣಿಯಲ್ಲಿದೆ ಎಂಬುದನ್ನು ಪಾಲಿಕೆ ನಕ್ಷೆಯ ಸಮೇತ ಆವರಣದ ಬಾಗಿಲಲ್ಲೇ ಪ್ರಕಟಿಸಬೇಕು. ಸಮಾವೇಶಗಳಿಗೆ ಎಷ್ಟು ಭಾಗ, ಆಟಕ್ಕೆ ಎಷ್ಟು, ಮರಗಳಿಗೆ ಎಷ್ಟು ಎಂಬ ವಿಭಜನೆ ಆ ನಕ್ಷೆಯ ಮೇಲೆಯೇ ಚರ್ಚೆಯಾಗಲಿ. ಮಹಾಯೋಜನೆಯನ್ನು 10 ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂದು ಕಾಯ್ದೆ ಹೇಳುತ್ತದೆ. ಮುಂದಿನ ಪರಿಷ್ಕರಣೆಯ ಕರಡು ಬಂದಾಗ, ಆ ಬಯಲಿನಲ್ಲಿ ದಿನವೂ ನಡೆಯುವವರು ಮತ್ತು ಆಡುವ ಹುಡುಗರ ಪಾಲಕರು 60 ದಿನಗಳೊಳಗೆ ಕನ್ನಡದಲ್ಲೇ ಒಂದು ಪುಟದ ಪತ್ರ ಬರೆದುಕೊಟ್ಟರೂ ಪ್ರಾಧಿಕಾರ ಅದನ್ನು ಪರಿಶೀಲಿಸಬೇಕಾಗುತ್ತದೆ.