ಹೆದರಬೇಕೋ, ನಗಬೇಕೋ?

ಓದುಗರ ಪ್ರಶ್ನೆ: ಅಮೆರಿಕದ ಲೇಖಕ ರಿಚರ್ಡ್ ಬ್ರಾಟಿಗನ್ ಅವರ 'ದಿ ಹಾಕ್‌ಲೈನ್ ಮಾನ್‌ಸ್ಟರ್' ಓದೋಕೆ ಶುರು ಮಾಡಿದ್ದೇನೆ. ಕೌಬಾಯ್ ಕಥೆ ಅಂದುಕೊಂಡಿದ್ದೆ. ಆಮೇಲೆ ಭೂತಬಂಗಲೆ ಬಂತು. ನಡುನಡುವೆ ನಗುವೂ ಬರುತ್ತೆ. ಇದನ್ನ ಹೆದರಿಕೊಂಡು ಓದಬೇಕೋ, ನಗುತ್ತಾ ಓದಬೇಕೋ?

ಈ ಪುಸ್ತಕ ಹಿಡಿದ ಹೆಚ್ಚುಕಡಿಮೆ ಎಲ್ಲರಿಗೂ ಈ ಗೊಂದಲ ಆಗುತ್ತದೆ. ನನಗೂ ಆಗಿತ್ತು. ನಗು ಬಂದರೆ ತಡೆಯಬೇಡಿ, ನಕ್ಕುಬಿಡಿ. ನಕ್ಕಾದ ಮೇಲೆ ಒಂದು ಪುಟ ಹಿಂದಕ್ಕೆ ಹೋಗಿ, ಅಲ್ಲಿ ಏನಾಗಿತ್ತು ಅಂತ ನೋಡಿ. ಈ ಕಾದಂಬರಿಯ ಭಯ ಕೂತಿರುವುದು ಅಲ್ಲೇ.

ಪುಸ್ತಕ ಬಂದಿದ್ದು 1974ರಲ್ಲಿ. 'ಒಂದು ಗಾಥಿಕ್ ವೆಸ್ಟರ್ನ್' ಅಂತ ಹೆಸರಿನ ಕೆಳಗೇ ಬರೆದಿದೆ. ಗಾಥಿಕ್ ಅಂದರೆ ಹಳೇ ದೊಡ್ಡ ಮನೆ, ಒಳಗೊಂದು ಗುಟ್ಟು, ನೆಲಮಾಳಿಗೆಯಲ್ಲಿ ಏನೋ ಸದ್ದು. 1764ರಲ್ಲಿ ಇಂಗ್ಲೆಂಡಿನ ಹೊರೇಸ್ ವಾಲ್ಪೋಲ್ ಹಾಕಿಕೊಟ್ಟ ದಾರಿ ಅದು. ವೆಸ್ಟರ್ನ್ ಅಂದರೆ ಕುದುರೆ, ಬಂದೂಕು, ಬಟಾಬಯಲು. ಒಂದರಲ್ಲಿ ಬಾಗಿಲು ಮುಚ್ಚಿಕೊಂಡೇ ಇರುತ್ತದೆ, ಇನ್ನೊಂದರಲ್ಲಿ ಬಾಗಿಲೇ ಇಲ್ಲ. ಬ್ರಾಟಿಗನ್ ಆ ಬಯಲಿನ ನಡುವೆ ಆ ಮನೆಯನ್ನು ತಂದಿಟ್ಟರು.

ಕಥೆ ನಡೆಯುವುದು 1902ರಲ್ಲಿ. ಕೌಬಾಯ್ ಕಾದಂಬರಿಗಳಿಗೆಲ್ಲ ಮೇಲ್ಪಂಕ್ತಿಯಾದ ಓವೆನ್ ವಿಸ್ಟರ್ ಅವರ 'ದಿ ವರ್ಜೀನಿಯನ್' ಅಚ್ಚಾಗಿದ್ದೂ ಅದೇ ವರ್ಷ. ಆದರೆ ಅಷ್ಟರಲ್ಲಿ ಆ ಕಾಲವೇ ಮುಗಿಯುತ್ತಾ ಬಂದಿತ್ತು. ಪಶ್ಚಿಮದಲ್ಲಿ ಜನವಸತಿ ಇಲ್ಲಿಗೆ ಮುಗಿಯಿತು, ಇನ್ನು ಮುಂದೆ ಖಾಲಿ ಬಯಲು ಅಂತ ಗಡಿರೇಖೆ ಎಳೆಯುವ ಹಾಗಿಲ್ಲ ಅನ್ನುವುದು 1890ರ ಅಮೆರಿಕದ ಜನಗಣತಿಯಲ್ಲೇ ಗೊತ್ತಾಗಿತ್ತು. ಹಾಗಾಗಿ ಇಲ್ಲಿನ ಇಬ್ಬರು ಸುಪಾರಿ ಕೊಲೆಗಾರರು, ಗ್ರೀರ್ ಮತ್ತು ಕ್ಯಾಮರನ್, ನನಗೆ ಕಾಲ ಮುಗಿದ ಮೇಲೂ ಉಳಿದುಕೊಂಡವರ ಹಾಗೆ ಕಾಣುತ್ತಾರೆ.

ಮೊದಲ ದೃಶ್ಯ ನೆನಪಿದೆ ಅಲ್ವಾ? ಹವಾಯಿಯ ಅನಾನಸ್ ಹೊಲ. ಇಬ್ಬರೂ ರೈಫಲ್ ಹಿಡಿದು ಕೂತಿದ್ದಾರೆ. ಎದುರಿಗೆ, ಅವರು ಕೊಲ್ಲಬೇಕಾದ ಮನುಷ್ಯ ತನ್ನ ಮಗನಿಗೆ ಕುದುರೆ ಸವಾರಿ ಹೇಳಿಕೊಡುತ್ತಿದ್ದಾನೆ. ಇವರಿಗೆ ಕೈ ಬರುವುದಿಲ್ಲ. ಎದ್ದು ಹೋಗುತ್ತಾರೆ. ದಯೆ, ಧರ್ಮ ಅಂತ ಲೇಖಕರು ಉದ್ದುದ್ದ ಬರೆಯುವುದಿಲ್ಲ. ಸುಮ್ನೆ ಕೆಲಸ ಕೆಟ್ಟಿತು ಅನ್ನುವ ಹಾಗೆ ಹೇಳಿ ಮುಂದೆ ಹೋಗುತ್ತಾರೆ. ಕ್ಯಾಮರನ್‌ಗೆ ಕಂಡಿದ್ದನ್ನೆಲ್ಲ ಎಣಿಸುವ ಚಾಳಿ ಬೇರೆ. ಹಡಗಿನಲ್ಲಿ 19 ಸಲ ವಾಂತಿ ಮಾಡಿಕೊಂಡಿದ್ದನ್ನೂ ಎಣಿಸಿಟ್ಟುಕೊಂಡಿದ್ದಾನೆ. ಕೊಲೆ, ಕರುಣೆ, ವಾಂತಿ, ಮೂರಕ್ಕೂ ಒಂದೇ ದನಿ. ಯಾವುದಕ್ಕೂ ದನಿ ಏರುವುದಿಲ್ಲ, ಇಳಿಯುವುದಿಲ್ಲ. ನಿಮ್ಮ ಗೊಂದಲ ಹುಟ್ಟುವುದು ಇದರಿಂದಲೇ. ಬೇರೆ ಪುಸ್ತಕಗಳಲ್ಲಿ ಹೆದರಬೇಕಾದ ಜಾಗ ಬಂದಾಗ ಲೇಖಕರೇ ಸೂಚನೆ ಕೊಡುತ್ತಾರೆ. ಇಲ್ಲಿ ಕೊಡುವುದಿಲ್ಲ.

ಆಮೇಲೆ ಮ್ಯಾಜಿಕ್ ಚೈಲ್ಡ್ ಅನ್ನುವ ಹುಡುಗಿ ಅವರನ್ನು ಪೂರ್ವ ಆರೆಗಾನ್‌ಗೆ ಕರೆದುಕೊಂಡು ಹೋಗುತ್ತಾಳೆ. ಬ್ರಾಟಿಗನ್‌ಗೆ ಇದು ಹೊರಗಿನ ಸೀಮೆಯಲ್ಲ. 1935ರಲ್ಲಿ ಪಕ್ಕದ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಹುಟ್ಟಿ, ಬಡತನದಲ್ಲಿ ಬೆಳೆದು, ಹರೆಯವನ್ನು ಆರೆಗಾನ್‌ನ ಯೂಜೀನ್‌ನಲ್ಲಿ ಕಳೆದವರು. ಕಥೆಯ ಪೂರ್ವ ಆರೆಗಾನ್‌ನಲ್ಲಿ, ಒಂಟಿ ಗುಡ್ಡಗಳ ನಡುವೆ ಹಳದಿ ಬಣ್ಣದ ದೊಡ್ಡ ಮನೆ ನಿಂತಿದೆ. ಜುಲೈ ತಿಂಗಳು, ಅಂದರೆ ಅಲ್ಲಿ ಸುಡುಬೇಸಿಗೆ. ಆದರೂ ಮನೆಯ ಸುತ್ತ ನೆಲ ಹೆಪ್ಪುಗಟ್ಟಿ ಬೆಳ್ಳಗಾಗಿದೆ. ಮನೆಯ ಕೆಳಗೆ ಮಂಜಿನ ಗುಹೆಗಳಿವೆ. ನೆಲಮಾಳಿಗೆಯಲ್ಲಿ ಪ್ರೊಫೆಸರ್ ಹಾಕ್‌ಲೈನ್ ಅವರ ಪ್ರಯೋಗಾಲಯ. ಪ್ರೊಫೆಸರ್ ನಾಪತ್ತೆ. ಅವರು ಬೆರೆಸಿಟ್ಟ ರಾಸಾಯನಿಕದಿಂದ ಏನೋ ಹುಟ್ಟಿಕೊಂಡಿದೆ, ಅದನ್ನು ಕೊಲ್ಲಬೇಕು. ಕರೆಸಿದ್ದು ಅದಕ್ಕೇ.

ಈಗ ನನ್ನನ್ನು ನಿಜವಾಗಿ ಹೆದರಿಸಿದ ಜಾಗಕ್ಕೆ ಬರುತ್ತೇನೆ. ಮನೆಯ ಬಟ್ಲರ್ ಏಳು ಅಡಿಗೂ ಮೀರಿದ ಆಳು. ಸಾಯುತ್ತಾನೆ. ಸತ್ತ ಮೇಲೆ ಅವನ ಹೆಣ ಕುಗ್ಗಿ ಕುಗ್ಗಿ ಕುಳ್ಳನದಾಗುತ್ತದೆ. ಹೂಳೋಕೆ ಒಂದು ಸೂಟ್‌ಕೇಸ್ ಸಾಕಾಗುತ್ತದೆ! ಇಲ್ಲಿ ನಾನು ಜೋರಾಗಿ ನಕ್ಕಿದ್ದೆ. ಆದರೆ ಆ ಮನೆಯಲ್ಲಿ ಅತ್ತವರು ಯಾರು? ಮಾತು ಬೇರೆಲ್ಲೋ ಹೊರಳುತ್ತದೆ. ಕೊಲ್ಲುವ ಯೋಜನೆ ಶುರುವಾಗುತ್ತದೆ, ಅರ್ಧದಲ್ಲೇ ಮರೆತುಹೋಗುತ್ತದೆ. ಮ್ಯಾಜಿಕ್ ಚೈಲ್ಡ್ ಆ ಮನೆಯ ಮಿಸ್ ಹಾಕ್‌ಲೈನ್‌ಳ, ಅಂದರೆ ಪ್ರೊಫೆಸರ್ ಮಗಳ, ತದ್ರೂಪಿಯಾಗಿಬಿಡುತ್ತಾಳೆ. ತಾನು ಯಾರಾಗಿದ್ದೆ ಅನ್ನುವುದು ಅವಳಿಗೇ ನೆನಪಿಲ್ಲ. ಆ ರಾಕ್ಷಸನಿಗೆ ಉಗುರೂ ಬೇಡ, ಹಲ್ಲೂ ಬೇಡ. ಯೋಚನೆಯ ಎಳೆ ಕತ್ತರಿಸಿದರೆ ಸಾಕು. ಕಣ್ಣೆದುರು ಸಾವಾಗಿದ್ದರೂ ಅದರ ಮೇಲೆ ಮನಸ್ಸು ನಿಲ್ಲುತ್ತಿಲ್ಲ ಅಂದರೆ ಅದಕ್ಕಿಂತ ಜಾಸ್ತಿ ಹೆದರಿಕೆ ಇನ್ನೇನಿದೆ? ನಾನು ನಕ್ಕು ಪುಟ ತಿರುಗಿಸಿದಾಗ ಆ ಬಟ್ಲರ್‌ನನ್ನು ನಾನೂ ಮರೆತಿದ್ದೆ. ಅದು ಹೊಳೆದಾಗ ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನೀವು ಇನ್ನೂ ಮುಗಿಸಿಲ್ಲ, ಹಾಗಾಗಿ ಕೊನೆ ಹೇಳುವುದಿಲ್ಲ. ಎರಡು ವಿಷಯದ ಮೇಲೆ ಮಾತ್ರ ಕಣ್ಣಿಟ್ಟಿರಿ. ಒಂದು, ಹಜಾರದಲ್ಲಿರುವ, ಆನೆಯ ಪಾದದಿಂದ ಮಾಡಿದ ಕೊಡೆ ಸ್ಟ್ಯಾಂಡ್. ಆನೆ ಬೇಟೆಯಾಡಿ ಅಂಥವನ್ನು ಮನೆಯಲ್ಲಿಟ್ಟುಕೊಳ್ಳುವ ಕೆಟ್ಟ ಶೋಕಿ ಆ ಕಾಲದ ದೊಡ್ಡವರಿಗೆ ನಿಜಕ್ಕೂ ಇತ್ತು. ಅದನ್ನು ಬರೀ ಸಾಮಾನು ಅಂತ ದಾಟಿ ಹೋಗಬೇಡಿ.

ಇನ್ನೊಂದು, ನೆರಳು. ಈ ರಾಕ್ಷಸ ಇರುವುದು ಬೆಳಕಿನ ರೂಪದಲ್ಲಿ. ಅದು ಹೋದಲ್ಲೆಲ್ಲ ಹಿಂದೆ ಒಂದು ನೆರಳು ಎಡವುತ್ತಾ ಬರುತ್ತದೆ. ಯಜಮಾನ ಮಾಡುವ ಕೆಲಸ ಅದಕ್ಕೆ ಒಂಚೂರೂ ಹಿಡಿಸುವುದಿಲ್ಲ. ಆದರೆ ಬಿಟ್ಟು ಹೋಗೋಕೂ ಆಗುವುದಿಲ್ಲ, ನೆರಳಲ್ವಾ. ಕೇಡು ಮಾಡುವುದು ಬೆಳಕು, ನಾಚಿಕೆಪಡುವುದು ನೆರಳು! ಇಡೀ ಪುಸ್ತಕದಲ್ಲಿ ನನ್ನ ಕರುಳು ಚುರ್ ಅಂದಿದ್ದು ಇದಕ್ಕಾಗಿ.

ಅಧ್ಯಾಯಗಳೆಲ್ಲ ಪುಟ್ಟಪುಟ್ಟವು, ಒಂದು ಸಂಜೆಗೆ ಓದಿ ಮುಗಿಸಬಹುದು. ಎರಡನೇ ಸಲ ಓದುವಾಗ ನಾನು ಕೊಲೆಗಾರರನ್ನು ಬಿಟ್ಟು, ಆ ನೆರಳು ಎಲ್ಲೆಲ್ಲಿ ನಿಂತಿದೆ ಅಂತ ಮಾತ್ರ ಹುಡುಕುತ್ತಾ ಹೋದೆ.